ಸರಸ್ವತಿಗೆ ಕೊಡಲಾಗದ ಪುಸ್ತಕ

ಹ್ಯಾಮಿಲ್ಟನ್ನಿನ ಗ್ರಂಥಾಲಯಕ್ಕೆ ಮೊದಲ ಸಲ ಹೋದ ದಿನ ನಾನು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋದೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ನನ್ನ ಮುಂದೆ ಹೋದ ದಢೂತಿ ಗಂಡಸು ಬರಿಗಾಲಲ್ಲಿದ್ದ. ಅವನ ಹಿಂದಿದ್ದ ಹೆಂಗಸೂ ಬರಿಗಾಲು, ಅವಳ ಮಕ್ಕಳೂ ಬರಿಗಾಲು. ಪುಸ್ತಕಕ್ಕೆ ಇಷ್ಟು ಮರ್ಯಾದೆ ಕೊಡುವ ದೇಶಕ್ಕೆ ಬಂದೆನಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಹೊರಗೆ ಬಂದು ನೋಡಿದರೆ ಚಪ್ಪಲಿ ಮಾಯ. ಕಳ್ಳರು ಎಲ್ಲ ದೇಶದಲ್ಲೂ ಇರುತ್ತಾರೆ ಎಂದುಕೊಂಡು ಒಳಗೆ ಹೋಗಿ ದೂರು ಕೊಟ್ಟರೆ, ಕೌಂಟರಿನಲ್ಲಿದ್ದ ಜೂಡಿ ಎಂಬ ಬೆಳ್ಳಿಕೂದಲಿನ ಹೆಂಗಸು ಒಂದು ಪ್ಲಾಸ್ಟಿಕ್ ಚೀಲ ತೆಗೆದು ಮುಂದಿಟ್ಟಳು. ಯಾರೋ ಮರೆತು ಹೋಗಿದ್ದಾರೆ ಎಂದು ಎತ್ತಿಟ್ಟಿದ್ದಳಂತೆ. ಇಲ್ಲಿಯವರು ಬ್ಯಾಂಕಿಗೂ ಮಾಂಸದ ಅಂಗಡಿಗೂ ಬರಿಗಾಲಲ್ಲೇ ಹೋಗುತ್ತಾರೆ, ಅದಕ್ಕೂ ಭಕ್ತಿಗೂ ಏನೇನೂ ಸಂಬಂಧವಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿ. ‘ಆಗಿದ್ದೇನೆ’ ಎನ್ನಬೇಕೋ ‘ಆಗಿದ್ದೆ’ ಎನ್ನಬೇಕೋ ಆ ವರ್ಷ ನನಗೇ ಗೊತ್ತಿರಲಿಲ್ಲ. ನನ್ನ ಗಂಡ ಮಂಜುನಾಥನಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಕೆಲಸ ಸಿಕ್ಕಿತು. ನಾನು ಸಂಬಳವಿಲ್ಲದ ರಜೆ ಹಾಕಿ ಬೆನ್ನು ಹತ್ತಿ ಬಂದೆ. ರಜೆ ದೀಪಾವಳಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ನನಗೆ ಇಲ್ಲಿ ಒಂದು ಕೆಲಸ ಸಿಕ್ಕಿದರೆ ಅಲ್ಲಿಗೆ ರಾಜೀನಾಮೆ; ಸಿಗದಿದ್ದರೆ ನಾನೊಬ್ಬಳೇ ವಾಪಸು ಹೋಗಿ ಪಾಠ ಮಾಡುವುದು, ಅವನು ಇಲ್ಲಿ, ನಾನು ಅಲ್ಲಿ. ಹೀಗೆ ನಮ್ಮಿಬ್ಬರಲ್ಲಿ ಮಾತಾಗಿತ್ತು. ಮನೆಯಲ್ಲಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ ಎಂದು ನಾನೇ ದೊಡ್ಡದಾಗಿ ಹೇಳಿ ಮಾಡಿಕೊಂಡ ಒಪ್ಪಂದ ಅದು.

ಹೇಳುವುದು ಸುಲಭ. ನಾವಿದ್ದದ್ದು ರೊಟೊಟೂನದಲ್ಲಿ, ಊರಿನ ಉತ್ತರದ ತುದಿಯ ಹೊಸ ಬಡಾವಣೆ. ಎಲ್ಲ ಮನೆಗಳೂ ಒಂದೇ ಅಚ್ಚಿನವು, ಬೇಲಿಯೂ ಒಂದೇ ಬಣ್ಣ. ಮಧ್ಯಾಹ್ನ ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಸೊಪ್ಪಿನವಳು ಕೂಗುವುದಿಲ್ಲ, ಗ್ಯಾಸಿನವನು ಸಿಲಿಂಡರ್ ಬಡಿಯುವುದಿಲ್ಲ. ಎಲ್ಲೋ ಒಬ್ಬ ಹುಲ್ಲು ಕತ್ತರಿಸುವ ಯಂತ್ರ ಓಡಿಸಿದರೆ ಅದೇ ನಮಗೆ ವಾದ್ಯ. ಮನೆಯೊಳಗೆ ಚಳಿ ಎಂದರೆ ಎಂಥ ಚಳಿ, ಬೆಚ್ಚಗಾಗಲು ಅಂಗಳಕ್ಕೆ ಹೋಗಿ ನಿಲ್ಲಬೇಕು. ಹಾಲು ಬೇಕೆಂದರೆ ‘ಡೈರಿ’ಗೆ ಹೋಗು ಎಂದರು. ಹಾಲಿನ ಸಂಘವಿರಬೇಕು ಎಂದು ಪಾತ್ರೆ ಹಿಡಿದು ಹೋದೆ. ಡೈರಿ ಎಂದರೆ ಮೂಲೆ ಅಂಗಡಿ, ಗುಜರಾತಿನವರೊಬ್ಬರು ನಡೆಸುತ್ತಿದ್ದರು. ನನ್ನ ಪಾತ್ರೆ ನೋಡಿ ಪಾಪ, ನಗಲಿಲ್ಲ.

ಕಪ್ಪೆಯ ಪಚನಾಂಗ ಬಲ್ಲವರಿಗೆ ಇಲ್ಲಿ ಕೆಲಸ ಖಾಲಿ ಇರಲಿಲ್ಲ. ಕನ್ನಡದವರು ಸೇರಿದ್ದ ಒಂದು ಊಟದಲ್ಲಿ, ಬೆಂಗಳೂರಿನ ಅಂಕಲ್ ಒಬ್ಬರು ಪುಳಿಯೋಗರೆ ಕಲಸುತ್ತಾ, “ವೆಬ್ ಅಪ್ಲಿಕೇಷನ್ ಕಲ್ತ್ಕೊಳಮ್ಮ, ಈಗ ಇಲ್ಲಿ ಕುರಿ ಕ್ಷೌರ ಮಾಡೋವ್ನಿಗೂ ವೆಬ್‌ಸೈಟ್ ಬೇಕು,” ಎಂದರು. ತಗೋ, ನನ್ನ ತಲೆಗೆ ಹತ್ತಿತು. ಓದಿ ಪಾಸಾಗದ ವಿಷಯ ನನ್ನ ಜೀವಮಾನದಲ್ಲೇ ಇರಲಿಲ್ಲ. ಪುಸ್ತಕ ತಂದರಾಯಿತು, ಓದಿದರಾಯಿತು.

ಹಾಗೆಂದುಕೊಂಡು ಹೋದವಳೇ ಆ ಚಪ್ಪಲಿ ಬಿಟ್ಟವಳು. ಎರಡನೆಯ ಸಲ ಚಪ್ಪಲಿ ಹಾಕಿಕೊಂಡೇ ಹೋಗಿ ಜೂಡಿಯನ್ನು ಕೇಳಿದೆ, “ಎಷ್ಟು ಪುಸ್ತಕ ಕೊಡುತ್ತೀರಿ?”

“ನಿನಗೆ ಹೊರಲು ಆಗುವಷ್ಟು,” ಎಂದಳು.

ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕಗಳು ಬೀಗ ಹಾಕಿದ ಕಬ್ಬಿಣದ ಬೀರುಗಳಲ್ಲಿದ್ದವು. ಬೀಗದ ಕೈ ಅಟೆಂಡರ್ ಚನ್ನಬಸಪ್ಪನ ಸೊಂಟದಲ್ಲಿ, ಚನ್ನಬಸಪ್ಪ ಕ್ಯಾಂಟೀನಿನಲ್ಲಿ. ನಾನು ಉಪನ್ಯಾಸಕಿಯಾಗಿಯೂ ಒಂದು ಪುಸ್ತಕಕ್ಕೆ ಅವನನ್ನು ‘ಚನ್ನಬಸಪ್ಪನೋರೇ’ ಎಂದು ಬಹುವಚನದಲ್ಲಿ ಕರೆಯಬೇಕಿತ್ತು. ಇಲ್ಲಿ ಹೊರುವಷ್ಟು ಕೊಡುತ್ತಾರೆ! ನಾನು ಕಂಪ್ಯೂಟರಿನ ಕಪಾಟಿನ ಮುಂದೆ ನಿಂತು ಕಕ್ಕಾಬಿಕ್ಕಿಯಾದೆ. ಅಷ್ಟೊಂದು ಪುಸ್ತಕ. ವಾಪಸು ಹೋಗಿ ಜೂಡಿಯನ್ನು, “ಇದರಲ್ಲಿ ಪಠ್ಯಪುಸ್ತಕ ಯಾವುದು?” ಎಂದು ಕೇಳಿದೆ.

“ಯಾವ ಕೋರ್ಸಿಗೆ?”

“ಕೋರ್ಸ್ ಇಲ್ಲ. ನಾನೇ ಕಲಿಯುವುದು.”

“ಹಾಗಾದರೆ ನಿನಗೆ ಯಾವುದು ಇಷ್ಟವೋ ಅದು, ಲವ್.” ಇಲ್ಲಿ ‘ಲವ್’ ಎಂದರೆ ನಮ್ಮಲ್ಲಿ ‘ಅಮ್ಮಾ, ತಾಯಿ’ ಎಂದ ಹಾಗೆ.

ನಾನು ಪಾಠ ಮಾಡಿದಷ್ಟೂ ಕಾಲ ವಿಶ್ವವಿದ್ಯಾಲಯ ಹೇಳಿದ ಒಂದೇ ಪುಸ್ತಕದಿಂದ ಪಾಠ ಮಾಡಿದವಳು. ಇಷ್ಟವಾಗುವುದು, ಆಗದಿರುವುದು ಎಂಬ ಪ್ರಶ್ನೆ ಬಂದಿರಲಿಲ್ಲ. ಆದರೂ ಪುಸ್ತಕ ಆರಿಸುವ ವಿದ್ಯೆ ನನಗೂ ಒಂದಿಷ್ಟು ಗೊತ್ತಿತ್ತು: ದಪ್ಪ ಇರಬೇಕು, ಅಧ್ಯಾಯದ ಕೊನೆಗೆ ಪ್ರಶ್ನೆ ಇರಬೇಕು, ಲೇಖಕನ ಹೆಸರಿನ ಮುಂದೆ ಡಾಕ್ಟರ್ ಇರಬೇಕು. ಈ ಲೆಕ್ಕದಲ್ಲಿ ಒಂದು ತೋಳು ತುಂಬ ಆರಿಸಿದೆ. ಹೊರಡುವಾಗ ರಟ್ಟೆ ಸಮತೂಕಕ್ಕೆಂದು ಇನ್ನೊಂದು ಕೈಗೂ ಸಿಕ್ಕಿದ್ದನ್ನು ತೆಗೆದುಕೊಂಡೆ. ಮಂಜುನಾಥ ಬಾಗಿಲು ತೆಗೆದವನೇ, “ಲೈಬ್ರರಿ ಖಾಲಿ ಮಾಡ್ಕಂಡ್ ಬಂದ್ಯಾ?” ಎಂದ.

ಓದಲು ಕುಳಿತ ಮೇಲೆ ಒಂದೊಂದರ ಬಣ್ಣವೂ ಬಯಲಾಗತೊಡಗಿತು. ಹಳದಿ ರಟ್ಟಿನದು ಒಂದು ವಾರದಲ್ಲಿ ಎಲ್ಲ ಕಲಿಸುತ್ತೇನೆ ಎಂದು ಮಾತು ಕೊಟ್ಟಿತ್ತು. ಸೋಮವಾರವೇ ನನ್ನಿಂದ ಮುಗಿಯಲಿಲ್ಲ. ಇನ್ನೊಂದು, ಬೀಸುಕಲ್ಲಿನಷ್ಟು ಭಾರದ್ದು, ಡಾಕ್ಟರ್ ಬರೆದದ್ದು, ಅಂತರ್ಜಾಲದ ಚರಿತ್ರೆಯಿಂದ ಶುರುವಾಗಿ ಇನ್ನೂರು ಪುಟದ ತನಕ ಪೀಠಿಕೆಯಲ್ಲೇ ಇತ್ತು. ಮೂರನೆಯದರ ಲೇಖಕ ಮಹಾ ರಸಿಕ. ಪ್ರತಿ ಪುಟದಲ್ಲೂ ಒಂದು ಜೋಕು. ಅಮೆರಿಕದ ಯಾವುದೋ ಆಟದ ಜೋಕು ಅರ್ಥವಾಗದೆ ನಾನು ಅದನ್ನೂ ಅಡಿಗೆರೆ ಎಳೆದು ನೋಟ್ಸ್ ಮಾಡಿಕೊಂಡೆ, ಪರೀಕ್ಷೆಗೆ ಬಂದರೆ ಇರಲಿ ಎಂದು. ಎಲ್ಲ ಪುಸ್ತಕಗಳೂ ಕೊನೆಗೆ ಅಭ್ಯಾಸಕ್ಕೆಂದು ನಮ್ಮಿಂದ ಒಂದು ವೆಬ್ ಅಂಗಡಿ ತೆಗೆಸುತ್ತಿದ್ದವು. ಒಂದರಲ್ಲಿ ವೈನ್ ಅಂಗಡಿ, ಇನ್ನೊಂದರಲ್ಲಿ ಮೀನು ಹಿಡಿಯುವ ಗಾಳದ ಅಂಗಡಿ. ಶೆಟ್ಟರ ಮನೆಯಲ್ಲಿ ಹುಟ್ಟಿದ್ದರೂ ಇಷ್ಟು ಅಂಗಡಿ ತೆರೆಯುತ್ತಿರಲಿಲ್ಲ ನಾನು.

ಇವೆಲ್ಲದರ ನಡುವೆ ಬೀಸುಕಲ್ಲಿನ ಮೇಲೇ ನನ್ನ ನಂಬಿಕೆ. ಅದು ಹೇಳಿದ ಹಾಗೆ ಪಿಎಚ್‌ಪಿ ಎಂಬ ಭಾಷೆಯಲ್ಲಿ ಒಂದು ಪುಟ ಮಾಡಿದೆ. ಹೆಸರು ತುಂಬುವ ಜಾಗದಲ್ಲಿ ಹೆಸರು ತುಂಬಿ ಗುಂಡಿ ಒತ್ತಿದರೆ ಮುಂದಿನ ಪುಟದಲ್ಲಿ ‘ನಮಸ್ಕಾರ ವನಜಾ’ ಎಂದು ಬರಬೇಕು. ‘ನಮಸ್ಕಾರ’ ಮಾತ್ರ ಬರುತ್ತಿತ್ತು. ಅಕ್ಷರ ಅಕ್ಷರ ತಾಳೆ ನೋಡಿದೆ, ಮತ್ತೆ ಬರೆದೆ, ಕೊನೆಗೆ ಕಂಪ್ಯೂಟರಿಗೆ ಬೈದೆ. ದಿನಗಟ್ಟಲೆ ಅದು ನನ್ನ ಹೆಸರೊಂದನ್ನು ಬಿಟ್ಟು ಎಲ್ಲರಿಗೂ ಮಾಡಿದ ಹಾಗೆ ಬರಿಯ ನಮಸ್ಕಾರ ಮಾಡುತ್ತಲೇ ಇತ್ತು. ಆಮೇಲೆ ಗೊತ್ತಾಯಿತು, ಪುಸ್ತಕ ಅಚ್ಚಾದ ಮೇಲೆ ಭಾಷೆಯೇ ಬದಲಾಗಿತ್ತು. ಮೊದಲು ತಾನಾಗಿ ದಾಟಿ ಬರುತ್ತಿದ್ದ ಹೆಸರನ್ನು ಈಗ ನಾವೇ ಕೇಳಿ ಪಡೆಯಬೇಕು. ನನಗೆ ಕೆಂಡದಂಥ ಕೋಪ ಬಂತು. ಕಪ್ಪೆಯ ಹೃದಯಕ್ಕೆ ಮೂರು ಕೋಣೆ. ನನ್ನ ಗುರುಗಳು ಓದುವಾಗಲೂ ಮೂರು, ನಾನು ಪಾಠ ಮಾಡುವಾಗಲೂ ಮೂರು. ಎರಡು ವರ್ಷಕ್ಕೆ ಕೋಣೆ ಬದಲಾಯಿಸುವ ಶಾಸ್ತ್ರವನ್ನು ಶಾಸ್ತ್ರ ಎನ್ನುವುದು ಹೇಗೆ?

ಈ ಗುಟ್ಟನ್ನು ನನಗೆ ಹೇಳಿದ್ದು ಸಮತೂಕಕ್ಕೆಂದು ತಂದಿದ್ದ ಒಂದು ಸಣಕಲು ಪುಸ್ತಕ. ಬೂದು ರಟ್ಟು, ಚಿತ್ರವಿಲ್ಲ, ಡಾಕ್ಟರ್ ಇಲ್ಲ, ಪ್ರಶ್ನೆಗಳೂ ಇಲ್ಲ. ಮೊದಲ ಪುಟದಲ್ಲೇ ತಾನು ಭಾಷೆಯ ಯಾವ ಆವೃತ್ತಿಗೆ ಬರೆದದ್ದು ಎಂದು ಹೇಳಿಕೊಂಡಿತ್ತು. ನಾನು ಅದನ್ನು ಬೀಸುಕಲ್ಲಿನ ಗೈಡಿನ ಹಾಗೆ ಇಟ್ಟುಕೊಂಡೆ. ಗೈಡ್ ಓದುವ ಹುಡುಗರನ್ನು ಕಂಡರಾಗದವಳು ನಾನು. ಹಾಗಾಗಿ ಅದನ್ನು ಓದುವಾಗ ಸ್ವಲ್ಪ ಮುಜುಗರವೂ ಆಗುತ್ತಿತ್ತು.

ಅಷ್ಟರಲ್ಲಿ ಎರಡು ಸಂಗತಿ ನಡೆದವು. ದಾವಣಗೆರೆಯಿಂದ ನಮ್ಮ ಅತ್ತೆ ಗಿರಿಜಮ್ಮನವರು, ಮಗನ ಮನೆಯಲ್ಲಿ ಆರು ತಿಂಗಳಿದ್ದು ಹೋಗಲು, ಕುಟ್ಟಿದ ಖಾರದ ಪುಡಿಯೊಂದಿಗೆ ಬಂದಿಳಿದರು. ಪತ್ರಿಕೆಯ ಜಾಹೀರಾತು ನೋಡಿ ನಾನು ಹಾಕಿದ್ದ ಅರ್ಜಿಗೆ ಗ್ರಹಾಂ ಎಂಬುವನಿಂದ ಕರೆ ಬಂತು. ಟೈರ್ ಅಂಗಡಿಯ ಮಹಡಿಯ ಮೇಲೆ ಅವನ ಸಣ್ಣ ಕಂಪನಿ. ಹೈನು ರೈತರಿಗೆ ಬೇಕಾದ ವೆಬ್ ಅಪ್ಲಿಕೇಷನ್ ಮಾಡುತ್ತಿದ್ದರು. ಪ್ರಾಣಿಶಾಸ್ತ್ರದವಳು ಎಂದು ಕುತೂಹಲವಂತೆ.

“ಮಂಗಳವಾರ ಬಾ,” ಎಂದ. “ಒಂದು ದಿನ ಕೂತು ಸಣ್ಣದೊಂದು ಅಪ್ಲಿಕೇಷನ್ ಮಾಡು. ರೈತ ತನ್ನ ಹಸುಗಳ ವಿವರ ತುಂಬಬೇಕು, ನೋಡಬೇಕು, ತಿದ್ದಬೇಕು. ಚೆನ್ನಾಗಿ ಬಂದರೆ ಕೆಲಸ ನಿನ್ನದು. ಪುಸ್ತಕ ತರಬಹುದು.”

“ಪುಸ್ತಕ ನೋಡಿಕೊಂಡು ಬರೆಯಬಹುದೇ?”

“ಮತ್ತೆ? ನೋಡದೆ ಯಾರು ಬರೆಯುತ್ತಾರೆ?”

ಪರೀಕ್ಷಾ ಕೊಠಡಿಗಳಲ್ಲಿ ಹುಡುಗರ ತೋಳು ಮಡಿಸಿ ಚೀಟಿ ಹುಡುಕಿದವಳು ನಾನು. ಆ ಮಾತು ಕೇಳಿ ಕಾಲ ಕೆಟ್ಟಿತು ಎಂದೇ ಅನಿಸಿತು. ಆದರೆ ಬರುತ್ತೇನೆ ಎಂದು ಕೂಡಲೇ ಒಪ್ಪಿಕೊಂಡೆ. ದೀಪಾವಳಿ ಹತ್ತಿರ ಬಂದಿತ್ತು. ಇದು ತಪ್ಪಿದರೆ ಇನ್ನೊಂದಿಲ್ಲ. ಸಿಕ್ಕಿದ್ದು ನಡುವಿನ ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರ. ಸರಿ, ಕೂತು ಓದಿಬಿಡೋಣ ಎಂದು ಟೊಂಕ ಕಟ್ಟಿದೆ.

ಶುಕ್ರವಾರ ಬೆಳಗ್ಗೆ ಅತ್ತೆ ಕ್ಯಾಲೆಂಡರಿನ ಮುಂದೆ ನಿಂತು, “ವನಜಾ, ಇವತ್ತು ಸರಸ್ವತಿ ಪೂಜೆ. ಪುಸ್ತಕ ತಾ,” ಎಂದರು.

ಊರಿನಲ್ಲಿ ನವರಾತ್ರಿ ಬಂದರೆ ಗಾಳಿಯೇ ಹೇಳುತ್ತದೆ. ಭೂಮಧ್ಯರೇಖೆಯ ಕೆಳಗಿನ ಈ ದೇಶದಲ್ಲಿ ಶರದೃತುವಿನ ಹಬ್ಬ ವಸಂತದಲ್ಲಿ ಬರುತ್ತದೆ. ಹೊರಗೆ ಚೆರ್ರಿ ಮರ ಹೂ ಬಿಟ್ಟು ನಿಂತಿತ್ತು, ನಾನು ಮರೆತೇಬಿಟ್ಟಿದ್ದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಆ ದಿನ ಪುಸ್ತಕಗಳನ್ನು ದೇವಿಯ ಮುಂದೆ ಇಟ್ಟರೆ ವಿಜಯದಶಮಿಗೆ ತೆಗೆಯುವ ತನಕ ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ಚಿಕ್ಕವರಿದ್ದಾಗ ನಮಗೆ ಇದಕ್ಕಿಂತ ಪ್ರಿಯವಾದ ಹಬ್ಬ ಇರಲಿಲ್ಲ. ಗಣಿತದ ಪುಸ್ತಕವನ್ನು ಎಲ್ಲಕ್ಕಿಂತ ಕೆಳಗೆ, ಕೈಗೆ ಸಿಗದ ಹಾಗೆ ಇಡುತ್ತಿದ್ದೆವು. ಓದಬೇಡ ಎಂದು ದೇವರೇ ಹೇಳಿದರೆ ಅಪ್ಪ ಏನು ಮಾಡಿಯಾನು? ಈ ವರ್ಷದ ವಿಜಯದಶಮಿ ಸೋಮವಾರ. ನನ್ನ ಪರೀಕ್ಷೆ ಮಂಗಳವಾರ. ಹುಟ್ಟಿದಂದಿನಿಂದ ಮೊದಲ ಸಲ ನನಗೆ ಸರಸ್ವತಿ ಪೂಜೆಯ ದಿನ ಓದಬೇಕಾಗಿತ್ತು.

“ಅತ್ತೆ, ಇವು ನಮ್ಮವಲ್ಲ, ಲೈಬ್ರರಿಯವು,” ಎಂದೆ.

“ಸರಸ್ವತಿಗೆ ಲೈಬ್ರರೀದು ಯಾವ್ದು, ಸ್ವಂತದ್ದು ಯಾವ್ದು? ತಾ ಇಲ್ಲಿ. ಆ ಮಡಚೋ ಕಂಪ್ಯೂಟರೂ ತಾ. ಅದೂ ವಿದ್ಯೆನೇ ಅಲ್ಲೇನು?”

ಮಂಜುನಾಥನ ಕಡೆ ನೋಡಿದೆ. ಅವನು ಕೂಡಲೇ ಬೂಟು ಹುಡುಕತೊಡಗಿದ. “ಅವ್ವಗೆ ನೀನೇ ಹೇಳು, ನಂಗ್ ಡ್ಯೂಟಿಗೆ ಲೇಟ್ ಆತು,” ಎಂದು ಕಾರು ಹತ್ತಿದ. ಬೇರೆಯವರ ಬೆನ್ನುಮೂಳೆ ನೆಟ್ಟಗೆ ಮಾಡುವ ಮನುಷ್ಯ!

ನಾನು ಅತ್ತೆಗೆ ಎಲ್ಲ ಹೇಳಿದೆ. ಮಂಗಳವಾರದ್ದು, ದೀಪಾವಳಿಯದ್ದು, ಕೆಲಸ ಸಿಗದಿದ್ದರೆ ನಾನು ಒಬ್ಬಳೇ ಊರಿಗೆ ಹೋಗಬೇಕಾದದ್ದು. ಅವರು ಕೇಳುತ್ತಾ ಬೀಸುಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿದರು. ಹಳದಿ ರಟ್ಟಿಗೆ ಹಚ್ಚಿದರು. ಲ್ಯಾಪ್‌ಟಾಪಿನ ಮೇಲೆ ಸೇವಂತಿಗೆ ಇಟ್ಟರು. ಆಮೇಲೆ ಬತ್ತಿ ಹೊಸೆಯುತ್ತಾ, ಮುಖ ನೋಡದೆ, “ಒಂದು ತಗಂಡು ಒಳಗಿಟ್ಕ. ಒಂದೇ. ನಾನು ನೋಡಿಲ್ಲ,” ಎಂದರು.

ತಿಂಗಳುಗಟ್ಟಲೆ ನಾನು ಯಾವ ಪುಸ್ತಕ ಮೇಲು, ಯಾವುದು ಕೀಳು ಎಂದು ತೂಗಿದ್ದೆ. ಅತ್ತೆ ಕಡ್ಡಿ ಗೀರಿ ದೀಪ ಹಚ್ಚುವಷ್ಟರಲ್ಲಿ ನನ್ನ ಕೈ ತಾನಾಗಿ ಹೋಗಿ ಆ ಬೂದು ಸಣಕಲನ್ನು ಎಳೆದುಕೊಂಡಿತು. ಡಾಕ್ಟರರ ಮೇಲೆ ಒಂದು ಚೂರೂ ಮರುಕ ಬರಲಿಲ್ಲ. ಯಾರಾದರೂ ಈಗ ನನ್ನನ್ನು ‘ಯಾವ ಪುಸ್ತಕದಿಂದ ಕಲಿಯಲಿ’ ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ: ಎಲ್ಲವನ್ನೂ ದೇವಿಯ ಮುಂದೆ ಇಡಿ, ಯಾವುದನ್ನು ಕೊಡಲು ಮನಸ್ಸು ಬರುವುದಿಲ್ಲವೋ ಅದನ್ನು ಓದಿ.

ಪುಸ್ತಕವೇನೋ ಸಿಕ್ಕಿತು, ಕಂಪ್ಯೂಟರ್ ದೇವರ ವಶದಲ್ಲಿತ್ತು. ಒಲೆಯಿಲ್ಲದೆ ಅಡುಗೆ ಕಲಿಯುವುದು ಹೇಗೆ? ಕೋಣೆಯಲ್ಲಿ ಕದ್ದು ಓದಿದೆ, ಅರ್ಥವಾಗದ ಕಡೆ ಗೊಣಗಿದೆ. ಭಾನುವಾರ ಅತ್ತೆಯೇ ತಡೆಯಲಾರದೆ, “ಏನು ಅದು, ನಂಗಾರ ಹೇಳು,” ಎಂದರು. ಬಾಯಲ್ಲಿ ಹೇಳಿದರೆ ಓದಿದ ಹಾಗಲ್ಲವಂತೆ. ಆ ಕಾನೂನು ಅವರು ಅಲ್ಲೇ ಹೊಸದಾಗಿ ಮಾಡಿದ್ದು.

“ಬ್ರೌಸರ್ ಅಂತ ಒಂದು, ಸರ್ವರ್ ಅಂತ ಒಂದು. ಬ್ರೌಸರ್ ಕೇಳ್ತದೆ, ಸರ್ವರ್ ಕೊಡ್ತದೆ. ಆದ್ರೆ ಸರ್ವರ್‌ಗೆ ನೆನಪಿರಲ್ಲ ಅತ್ತೆ. ಪ್ರತಿ ಸಲ ಹೋದಾಗ್ಲೂ ಹೊಸಬ್ರು ಬಂದ್ರು ಅನ್ಕಂತದೆ.”

“ಮರೆವಿನ ಮುದುಕಿ ಅನ್ನು. ನಾನೇ ಆಗ್ತೀನಿ ಬಿಡು ಸರ್ವರ್ರು.”

ಅವರು ಅಡುಗೆಮನೆಯ ಕಟ್ಟೆಯ ಆಚೆ ಸ್ಟೂಲು ಹಾಕಿಕೊಂಡು ಕುಳಿತರು. ನಾನು ಈಚೆಯಿಂದ ಹೋಗಿ, “ನನ್ನ ಹಸುಗಳನ್ನು ತೋರಿಸಿ,” ಎಂದೆ.

“ಯಾಕೆ ವನಜಾ, ಈಗಷ್ಟೇ ತೋರಿಸ್ಲಿಲ್ಲೇನು?”

“ಅತ್ತೆ, ನಿಮಗೆ ನನ್ನ ಗುರ್ತು ಇಲ್ಲ!”

“ಸೊಸೆ ಗುರ್ತು ಇಲ್ಲ ಅಂದ್ರೆ ಹೆಂಗೆ? ಬಾಯಿಗೆ ಬರಲ್ಲಪ್ಪ ನಂಗೆ.”

ನಾಲ್ಕಾರು ಸಲ ಪಾಠ ಹೇಳಿದ ಮೇಲೆ ಪಾತ್ರ ಮೈಗೆ ಹತ್ತಿತು. ಆಮೇಲೆ ಅವರನ್ನು ಹಿಡಿಯುವವರಿಲ್ಲ. “ಯಾರಮ್ಮ ನೀನು? ಎಲ್ಲಿಂದ ಬಂದೆ? ಚೀಟಿ ಎಲ್ಲೈತೆ?” ಎಂದು ಗದರಿಸಿದರು. ನನ್ನ ಗುರುತಿಗೆ ಒಂದು ಅರಿಶಿನದ ಕೊಂಬು ಕೊಟ್ಟು, ಪ್ರತಿ ಸಲ ಅದನ್ನು ತೋರಿಸಿದರೆ ಮಾತ್ರ ಹಸು ಕೊಡುತ್ತೇನೆ ಎಂದರು. ಡ್ಯೂಟಿ ಮುಗಿಸಿ ಬಂದ ಮಂಜುನಾಥ ನೀರು ಕೇಳಲು ಹೋದರೆ ಅವನನ್ನೂ, “ಕೊಂಬು ತೋರ್ಸು,” ಎಂದು ನಿಲ್ಲಿಸಿದರು. ಬೀಸುಕಲ್ಲು ಮೂವತ್ತು ಪುಟದಲ್ಲಿ ಹೇಳಿದ ‘ಸೆಷನ್’ ಎಂಬ ಸಂಗತಿ ನನ್ನ ತಲೆಗೆ ಹೋದದ್ದು ಆ ಅರಿಶಿನದ ಕೊಂಬಿನಿಂದ. ಹಸುಗಳಿಗೆ ಬರಿಯ ನಂಬರು ಎಂಬುದೊಂದು ಮಾತ್ರ ಅವರಿಗೆ ಕೊನೆಯ ತನಕ ಹಿಡಿಸಲಿಲ್ಲ. “ಜೈಲಿನೋರೇನು ಅವು? ಗೌರಿ, ಗಂಗೆ ಅಂತ ಹಾಕು,” ಎಂದು ಹಟ ಹಿಡಿದರು.

ಸೋಮವಾರ ದೇವಿಗೆ ಮಂಗಳಾರತಿಯಾಗಿ ಲ್ಯಾಪ್‌ಟಾಪ್ ಬಿಡುಗಡೆಯಾಯಿತು. ತೆರೆದ ಕೂಡಲೇ ಗುಂಡಿಗಳ ಸಂದಿಯಿಂದ ಅಕ್ಷತೆ ಉದುರಿತು. ಹಸುಗಳ ಪುಟ ಮಾಡಿದೆ, ಒಂದೆರಡು ಸಲ ತಪ್ಪಿ, ಸಂಜೆಗೆ ಸರಿಯಾಗಿ ಬಂತು. ಮಂಗಳವಾರ ಗ್ರಹಾಂನ ಮಹಡಿಯಲ್ಲಿ ಕುಳಿತು ಅದನ್ನೇ ಮತ್ತೆ ಮಾಡಿದೆ. ಪಕ್ಕದಲ್ಲಿ ಬೂದು ಪುಸ್ತಕ ಒಂದೇ. ಅದನ್ನು ಎರಡು ಸಲ ತೆರೆದೆ, ಎರಡು ಸಲವೂ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡಿದೆ.

ಗ್ರಹಾಂ ಬಂದು ಪರದೆಯ ಮುಂದೆ ಬಗ್ಗಿದ. “ಇದೇನು, ಹೆಸರಿನ ಜಾಗ? ನಮ್ಮ ರೈತರಿಗೆ ಐನೂರು ಹಸು ಇರುತ್ತವೆ. ಕಿವಿಯ ನಂಬರ್ ಸಾಕು.”

“ನಮ್ಮ ಅತ್ತೆ ಒಪ್ಪುವುದಿಲ್ಲ,” ಎಂದುಬಿಟ್ಟೆ.

ಅವನು ಇನ್ನೊಂದು ಕುರ್ಚಿ ಎಳೆದು ಕುಳಿತು, ಒಂದು ನಂಬರ್ ಹಾಕಿ ಹೆಸರಿನ ಜಾಗದಲ್ಲಿ ‘ಡೊರೀನ್’ ಎಂದು ಒತ್ತಿದ. ಅವನ ಅಪ್ಪನ ಮನೆಯಲ್ಲಿದ್ದ ಹಸುವಂತೆ. ಡೊರೀನ್ ಮುಂದಿನ ಪುಟದಲ್ಲಿ ಲಕ್ಷಣವಾಗಿ ಬಂದು ನಿಂತಳು. “ಸ್ವೀಟ್ ಆ್ಯಸ್,” ಎಂದು ಎದ್ದು ಹೋದ. ಬಹಳ ಚೆನ್ನಾಗಿದೆ ಎನ್ನಲು ಇಲ್ಲಿಯವರು ಆಡುವ ಮಾತು ಅದು ಎಂದು ನನಗಾಗ ಗೊತ್ತಿರಲಿಲ್ಲ. ಯಾವುದರಷ್ಟು ಸಿಹಿ ಎಂದು ಹೇಳದೆ ಅರ್ಧಕ್ಕೇ ಬಿಡುತ್ತಾರೆ. ಪಾಸೋ ಫೇಲೋ ತಿಳಿಯದೆ ನಾನು ಕುರ್ಚಿಯಲ್ಲೇ ಕುಳಿತಿದ್ದೆ. ಕೊನೆಗೆ ಅವನೇ ವಾಪಸು ಬಂದು, ಮುಂದಿನ ವಾರದಿಂದ ಬರುತ್ತೀಯಲ್ಲ ಎಂದು ಕೇಳಿದ.

ಪುಸ್ತಕ ಹಿಂತಿರುಗಿಸಲು ಹೋದಾಗ ಜೂಡಿ ಬೀಸುಕಲ್ಲಿನ ಮೇಲಿನ ಕೆಂಪು ಹಳದಿ ಕಲೆ ಮುಟ್ಟಿ ನೋಡಿ, “ಕರಿಯೇ?” ಎಂದಳು. ನಮ್ಮ ಸಾರು, ಪಲ್ಯ ಎಲ್ಲಕ್ಕೂ ಇಲ್ಲಿ ಅದೊಂದೇ ಹೆಸರು. ನಾನು ದೇವಿ, ಪೂಜೆ, ಓದಬಾರದ ದಿನಗಳು ಎಲ್ಲ ವಿವರಿಸಿದೆ. ಅವಳು ಗಂಭೀರವಾಗಿ ಕೇಳಿಸಿಕೊಂಡು, “ಈ ಪುಸ್ತಕವನ್ನು ಓದದೆ ಇರಲು ನೆಪ ಹುಡುಕಿದವರನ್ನು ಬೇಕಾದಷ್ಟು ನೋಡಿದ್ದೇನೆ. ನಿನ್ನದೇ ಎಲ್ಲಕ್ಕಿಂತ ಚೆಂದದ್ದು,” ಎಂದಳು. ದಂಡ ಹಾಕಲಿಲ್ಲ.

ಇನ್ನು ಉಳಿದದ್ದು ಕಾಲೇಜಿಗೆ ಫೋನು. ಗೆದ್ದವಳ ಹಾಗೆ ಮಾಡಬೇಕೆಂದುಕೊಂಡಿದ್ದೆ. ಪ್ರಾಂಶುಪಾಲರ ದನಿ ಕೇಳಿದ ಕೂಡಲೇ ಕುರ್ಚಿಯಿಂದ ಎದ್ದು ನಿಂತೆ. “ಬರ್ತಿಲ್ಲ ಸಾರ್,” ಎಂದೆ.

“ಹೋಗ್ಲಿ ಬಿಡ್ರಿ ಮೇಡಂ, ಚಲೋ ಇರ್ರಿ,” ಎಂದರು. ಫೋನಿಡುವ ಮೊದಲು, “ಅಂದಂಗೆ ವೆಬ್‌ಸೈಟ್ ಮಾಡೋದು ಕಲ್ತೀರಂತಲ್ಲ? ನಮ್ ಕಾಲೇಜಿಗೊಂದು ಮಾಡ್ಕೊಡ್ರಿ. ಸಿಬ್ಬಂದಿ ಹೆಸ್ರು, ವಿಭಾಗ ಎಲ್ಲ ಬರಂಗೆ,” ಎಂದರು. “ಆಯ್ತು ಸಾರ್,” ಎಂದೆ.

ಎರಡು ಭಾನುವಾರ ಕುಳಿತು ಮಾಡಿದೆ. ಸಿಬ್ಬಂದಿಯ ಹೆಸರು ಸೇರಿಸುವುದು, ತಿದ್ದುವುದು, ಅಳಿಸುವುದು. ಎಲ್ಲ ಸರಿಯಿದೆಯೇ ಎಂದು ನೋಡಲು ಒಂದು ಹೆಸರು ಬೇಕಾಯಿತು. ಬೆರಳಿಗೆ ಬಂದದ್ದು ನನ್ನದೇ: ವನಜಾ, ಉಪನ್ಯಾಸಕಿ, ಪ್ರಾಣಿಶಾಸ್ತ್ರ ವಿಭಾಗ. ಗುಂಡಿ ಒತ್ತಿದೆ, ಕಾಲೇಜಿನ ಹೆಸರಿನ ಕೆಳಗೆ ಬಂದು ನಿಂತೆ. ಚೆನ್ನಾಗಿ ಕಾಣುತ್ತಿದ್ದೆ. ಬಹಳ ಹೊತ್ತು ನೋಡಿದೆ. ಸೇರಿಸುವುದು ಆಯಿತು, ಇನ್ನು ಅಳಿಸುವುದನ್ನೂ ನೋಡಬೇಕಲ್ಲ. ಅದನ್ನು ಒತ್ತಿದರೆ ಪುಟ ಒಂದು ಪ್ರಶ್ನೆ ಕೇಳಿ ಸುಮ್ಮನಾಯಿತು.

ಅವರೆಕಾಳು ಸಿಗದೆ ಬಟಾಣಿ ಬಿಡಿಸುತ್ತಿದ್ದ ಅತ್ತೆ, “ಯಾಕೆ ಹಂಗೆ ಕುಂತೆ?” ಎಂದರು.

“ಅಳಿಸ್ಲಾ, ಖಾತ್ರಿನಾ ಅಂತ ಕೇಳ್ತಾ ಐತೆ ಅತ್ತೆ.”

“ಯಾರು ಕೇಳೋದು?”

“ನಾನೇ. ನಾನೇ ಬರ್ದಿರೋ ಪ್ರಶ್ನೆ.”

“ಹಂಗಾದ್ರೆ ನೀನೇ ಹೇಳ್ಬೇಕು,” ಎಂದು ಅವರು ಮತ್ತೆ ಬಟಾಣಿಗೆ ಕೈ ಹಾಕಿದರು.

‘ಹೌದು’ ಒತ್ತಿದೆ. ಪುಟ ಚೊಕ್ಕವಾಗಿ, ಎಲ್ಲೂ ಒಂದು ತಪ್ಪಿಲ್ಲದೆ, ನನ್ನೊಬ್ಬಳನ್ನು ಬಿಟ್ಟು ಮರಳಿ ಬಂತು. ಬರೆದ ಪ್ರೋಗ್ರಾಂ ಸರಿಯಾಗಿ ಕೆಲಸ ಮಾಡಿತೆಂದು ಬಿಕ್ಕಿ ಬಿಕ್ಕಿ ಅತ್ತವಳು ಈ ದೇಶದಲ್ಲಿ ನಾನೊಬ್ಬಳೇ ಇರಬೇಕು.